ಒಂದು ಕೋಟ್ ಬಳಿದರೆ ಹಳೆ ಲಾರಿಯ ಕ್ಯಾಬಿನ್ ತಳದ ತುಕ್ಕು ಮತ್ತೆ ಕಬ್ಬಿಣವಾಗುತ್ತದೆಯೇ?

ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ತುಕ್ಕು ಹಿಡಿದು ಕೆಂಪಾದ ತಗಡಿನ ಮೇಲೆ ಬ್ರಷ್‌ನಿಂದ ಹಾಲಿನಂಥ ದ್ರವ ಬಳಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕೆಂಪು ಹೋಗಿ ಕಪ್ಪು ಬರುತ್ತದೆ. ಕೆಳಗೆ ‘ತುಕ್ಕು ಮತ್ತೆ ಕಬ್ಬಿಣವಾಯಿತು, ವೆಲ್ಡಿಂಗ್ ಖರ್ಚು ಉಳಿಯಿತು, ಲಾರಿ ಮಾಲೀಕರಿಗೆಲ್ಲ ಕಳಿಸಿ’ ಎಂಬ ಸಾಲು. ಹಳೆಯ 407 ಅಥವಾ ಆರು ಗಾಲಿಯ ಲಾರಿ ಇಟ್ಟುಕೊಂಡು ವಿಜಯಪುರ, ತಿಕೋಟಾ, ಬಬಲೇಶ್ವರದ ನಡುವೆ ದ್ರಾಕ್ಷಿ, ಕಬ್ಬು, ಗೊಬ್ಬರ ಸಾಗಿಸುವವರಿಗೆ ಇದು ಆಸೆ ಹುಟ್ಟಿಸುವ ಮಾತು.

ವಿಡಿಯೊದಲ್ಲಿ ಕಾಣುವ ಬಣ್ಣ ಬದಲಾವಣೆ ನಿಜ. ಅದಕ್ಕೆ ಕೊಟ್ಟ ಅರ್ಥ ತಪ್ಪು. ‘ರಸ್ಟ್ ಕನ್ವರ್ಟರ್’ ಎಂದು ಮಾರುವ ಇಂಥ ದ್ರವಗಳಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಅವು ಮೇಲ್ಪದರದ ತುಕ್ಕಿನ ಜೊತೆ ಸೇರಿ ಗಟ್ಟಿಯಾದ ಕಪ್ಪು ಪದರ ಮಾಡುತ್ತವೆ. ಅದರ ಮೇಲೆ ಪೇಂಟ್ ಚೆನ್ನಾಗಿ ಕೂರುತ್ತದೆ. ತೆಳ್ಳಗೆ ತುಕ್ಕು ಹಿಡಿದ, ಇನ್ನೂ ಗಟ್ಟಿ ಇರುವ ತಗಡಿಗೆ ಇದು ಒಳ್ಳೆಯ ಔಷಧವೇ. ಆದರೆ ಕಳೆದುಹೋದ ದಪ್ಪ ವಾಪಸ್ ಬರುವುದಿಲ್ಲ. ಒಂದು ಮಿಲಿಮೀಟರ್ ತಗಡು ಸವೆದು ಅರ್ಧವಾಗಿದ್ದರೆ ಕಪ್ಪು ಬಣ್ಣದಡಿಯೂ ಅರ್ಧವೇ ಇರುತ್ತದೆ. ತೂತಿಗಂತೂ ಅದರಿಂದ ಏನೂ ಪ್ರಯೋಜನವಿಲ್ಲ. ಕೋಲಾ ಸುರಿಯುವ ವಿಡಿಯೊಗಳ ಕಥೆಯೂ ಇದೇ. ಅದರಲ್ಲಿರುವ ಸ್ವಲ್ಪ ಆಮ್ಲ ಬೋಲ್ಟಿನ ಮೇಲಿನ ತುಕ್ಕು ಬಿಡಿಸೀತು, ಕ್ಯಾಬಿನ್ ತಳಕ್ಕೆ ಸುರಿದರೆ ಉಳಿಯುವುದು ಸಕ್ಕರೆಯ ಅಂಟು.

ಒಣ ಊರಿನಲ್ಲಿ ತುಕ್ಕು ಎಲ್ಲಿಂದ ಬಂತು?

‘ನಮ್ಮದು ಬಿಸಿಲ ನಾಡು, ತುಕ್ಕು ಏನಿದ್ದರೂ ಮಂಗಳೂರಿನವರ ಸಮಸ್ಯೆ’ ಎನ್ನುವ ಮಾತಿದೆ. ಅರ್ಧ ಸರಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ವಿಜಯಪುರದಲ್ಲಿ 600 ಮಿಲಿಮೀಟರ್ ಆಸುಪಾಸು. ಆದರೆ ಕಬ್ಬಿಣಕ್ಕೆ ಊರಿನ ಮಳೆ ಎಷ್ಟು ಎನ್ನುವುದಕ್ಕಿಂತ ತನ್ನ ಮೈಮೇಲೆ ತೇವ ಎಷ್ಟು ಹೊತ್ತು ನಿಂತಿತು, ಆ ತೇವದಲ್ಲಿ ಉಪ್ಪು ಎಷ್ಟಿತ್ತು ಎನ್ನುವುದು ಮುಖ್ಯ.

ಇಲ್ಲಿಯ ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದಕ್ಕೇ ಹೆಸರಾದದ್ದು. ಬಿಳಿಜೋಳ ಮಳೆಯಿಲ್ಲದ ಹಿಂಗಾರಿನಲ್ಲೂ ಬೆಳೆಯುವುದು ಅದರ ದಯೆಯಿಂದ. ಅದೇ ಮಣ್ಣು ಮಳೆಗಾಲದಲ್ಲಿ ಕ್ಯಾಬಿನ್ ಅಡಿಯ ಸಂದುಗಳಲ್ಲಿ ಮುದ್ದೆಯಾಗಿ ಕೂತರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಡೋಣಿ ಸಾಲಿನ ಸವಳು ನೀರಿನಲ್ಲಿ ಗಾಡಿ ತೊಳೆದರೆ ನೀರು ಆರಿ ಉಪ್ಪು ಉಳಿಯುತ್ತದೆ. ಗೊಬ್ಬರ ಹೇರುವ ಗಾಡಿಗೆ ಇನ್ನೂ ಕಷ್ಟ. ಪೊಟ್ಯಾಶ್ ಎಂದು ನಾವು ಕರೆಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಚೀಲ ಹರಿದು ಚೆಲ್ಲಿದ ಪುಡಿ, ಚಾಲಕನ ಚಪ್ಪಲಿಗೆ ಅಂಟಿ ಕ್ಯಾಬಿನ್ ಸೇರಿದ ಪುಡಿ ತೇವ ಸಿಕ್ಕ ಕೂಡಲೇ ಕೆಲಸ ಶುರು ಮಾಡುತ್ತದೆ. ಅಮೆರಿಕದ ವಿಡಿಯೊಗಳಲ್ಲಿ ಟ್ರಕ್ಕಿನ ತಳ ಕೊಳೆತಿರುವುದಕ್ಕೂ ಉಪ್ಪೇ ಕಾರಣ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುತ್ತಾರೆ.

ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಬ್ರೇಕ್ ಆಯಿಲ್. ಅದು ಪೇಂಟನ್ನು ಕರಗಿಸುತ್ತದೆ. ಹೈಡ್ರಾಲಿಕ್ ಕ್ಲಚ್ ಅಥವಾ ಬ್ರೇಕ್ ಇರುವ ಗಾಡಿಯಲ್ಲಿ ಪೆಡಲ್ ಹತ್ತಿರದ ಸಿಲಿಂಡರ್ ಸ್ವಲ್ಪ ಸ್ವಲ್ಪವೇ ಸೋರುತ್ತಿದ್ದರೆ ಅದು ಇಳಿಯುವುದು ಚಾಲಕನ ಕಾಲಡಿಯ ತಗಡಿಗೆ. ಪೇಂಟ್ ಹೋಯಿತು, ಮೇಲೆ ರಬ್ಬರ್ ಮ್ಯಾಟ್ ಮುಚ್ಚಿತು, ವಿಂಡ್‌ಶೀಲ್ಡ್ ರಬ್ಬರಿನಿಂದ ಇಳಿದ ಮಳೆನೀರು ಅಲ್ಲೇ ನಿಂತಿತು. ಮ್ಯಾಟ್ ಎತ್ತಿ ನೋಡುವ ಅಭ್ಯಾಸ ನಮಗಿಲ್ಲ. ಕಾಲು ಒತ್ತಿದಾಗ ತಳ ಮೆತ್ತಗಾಗುವವರೆಗೆ ಗೊತ್ತೇ ಆಗುವುದಿಲ್ಲ.

‘ಸಣ್ಣ ತೂತು, ಗಾಳಿ ಬರ್ತದ ಬಿಡ್ರಿ’

ಗ್ಯಾರೇಜುಗಳಲ್ಲಿ ಈ ಮಾತು ನಾನೂ ಕೇಳಿದ್ದೇನೆ, ನಕ್ಕಿದ್ದೇನೆ ಕೂಡ. ಆದರೆ ತಳದ ತೂತಿನಿಂದ ಬರುವುದು ಬರೀ ಗಾಳಿಯಲ್ಲ. ಸೈಲೆನ್ಸರ್ ಪೈಪಿನ ಜೋಡಣೆ ಸೋರುತ್ತಿದ್ದರೆ ಹೊಗೆಯೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿಯುತ್ತದೆ. ಡೀಸೆಲ್ ಎಂಜಿನ್ ಇದನ್ನು ಪೆಟ್ರೋಲ್ ಎಂಜಿನ್‌ಗಿಂತ ಕಡಿಮೆ ಬಿಡುತ್ತದೆ, ಆದರೆ ಬಿಡುವುದೇ ಇಲ್ಲ ಎಂದಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಚಾಲಕ ಅದನ್ನು ನಿದ್ದೆಗೇಡು ಅಥವಾ ಪಿತ್ತ ಅಂದುಕೊಳ್ಳುತ್ತಾನೆ. ಎಂಜಿನ್ ಚಾಲೂ ಇಟ್ಟು ಕ್ಯಾಬಿನ್‌ನಲ್ಲೇ ಮಲಗುವವರಿಗೆ ಅಪಾಯ ಹೆಚ್ಚು. ದೀರ್ಘಕಾಲದ ಲೆಕ್ಕ ಬೇರೆಯೇ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಸೀಟಿನ ಬೋಲ್ಟ್ ಇರುವ ಜಾಗದ ತುಕ್ಕು ಇನ್ನೊಂದು ರೀತಿಯ ಅಪಾಯ. ಜೋರಾಗಿ ಬ್ರೇಕ್ ಹಾಕಿದಾಗ ಅಥವಾ ಡಿಕ್ಕಿಯಾದಾಗ ಸೀಟನ್ನು ಹಿಡಿದಿಡಬೇಕಾದದ್ದು ಆ ತಗಡೇ. ಅಲ್ಲಿ ಪುಟ್ಟಿ, ಎಂ-ಸೀಲ್, ಫೈಬರ್ ಬಟ್ಟೆ ಯಾವುದೂ ನಡೆಯುವುದಿಲ್ಲ.

ರಿಪೇರಿ ಎಂದರೆ ಏನು

ಸ್ಥಳೀಯವಾಗಿ ಬಾಡಿ ಕಟ್ಟಿಸಿದ ಹಳೆ ಲಾರಿಗಳಿಗೆ ವಿದೇಶಿ ವಿಡಿಯೊದಲ್ಲಿ ತೋರಿಸುವಂಥ ಸಿದ್ಧ ‘ಫ್ಲೋರ್ ಪ್ಯಾನ್’ ಸಿಗುವುದಿಲ್ಲ. ನಮ್ಮಲ್ಲಿ ಎಷ್ಟೋ ಲಾರಿಗಳು ಬರೀ ಚಾಸಿಯಾಗಿ ಮಾರಾಟವಾಗಿ, ಕ್ಯಾಬಿನ್ ಬಾಡಿ ಬಿಲ್ಡರ್ ಕೈಯಲ್ಲಿ ಹುಟ್ಟಿದ್ದು. ಹಾಗಾಗಿ ತಗಡು ಕತ್ತರಿಸಿ ಕೂರಿಸುವುದೇ ದಾರಿ. ಅದನ್ನು ಚೆನ್ನಾಗಿ ಮಾಡುವವರು ನಮ್ಮಲ್ಲಿದ್ದಾರೆ, ಸಮಸ್ಯೆ ಬರುವುದು ನಾವು ‘ಮೇಲೊಂದು ತುಂಡು ಹೊಡೆದು ಕೊಡ್ರಿ’ ಎಂದಾಗ.

ತುಕ್ಕಿನ ಮೇಲೆ ಹೊಸ ತಗಡು ಹೊಡೆದರೆ ಎರಡರ ನಡುವೆ ನೀರು ಸೇರಿ ತುಕ್ಕು ಮುಂದುವರಿಯುತ್ತದೆ, ಈಗ ಕಣ್ಣಿಗೆ ಕಾಣದಂತೆ. ಮೊದಲು ಸುತ್ತಿಗೆಯಿಂದ ತಟ್ಟುತ್ತಾ, ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಹೋಗಬೇಕು. ಗಟ್ಟಿ ತಗಡಿನ ಸದ್ದು ಬೇರೆ, ಕೊಳೆತದ್ದರ ಸದ್ದು ಬೇರೆ. ಹೊಳೆಯುವ ಒಳ್ಳೆ ಲೋಹ ಸಿಗುವವರೆಗೆ ಕತ್ತರಿಸಬೇಕು. ತೂತು ಅಂಗೈಯಷ್ಟಿದ್ದರೆ ಕತ್ತರಿಸುವ ಭಾಗ ತಟ್ಟೆಯಷ್ಟಾಗಬಹುದು, ಅದಕ್ಕೆ ಮೆಕ್ಯಾನಿಕ್ ಮೇಲೆ ಸಿಟ್ಟಾಗಬೇಡಿ. ರಟ್ಟಿನಲ್ಲಿ ಅಳತೆ ತೆಗೆದು, ಮೂಲ ತಗಡಿನಷ್ಟೇ ದಪ್ಪದ ತುಂಡು ಹಾಕಬೇಕು. 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್, 18 ಗೇಜ್ ಸುಮಾರು 1.2. ‘ದಪ್ಪ ಪ್ಲೇಟ್ ಹಾಕಿದರೆ ಗಟ್ಟಿ’ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ತೆಳು ತಗಡು ಅಲುಗಾಡುತ್ತದೆ, ದಪ್ಪ ತುಂಡು ಅಲುಗುವುದಿಲ್ಲ, ಕೊನೆಗೆ ವೆಲ್ಡಿಂಗ್ ಅಂಚಿನಲ್ಲೇ ಬಿರುಕು ಬಿಡುತ್ತದೆ. ತುಂಡಿನ ಮೂಲೆಗಳನ್ನು ದುಂಡಗೆ ಮಾಡುವುದೂ ಇದಕ್ಕಾಗಿಯೇ, ಚೂಪು ಮೂಲೆಯಲ್ಲಿ ಒತ್ತಡ ಸೇರುತ್ತದೆ.

ತುಕ್ಕಿಲ್ಲದೆ ಬರೀ ಬಿರುಕು ಬಿಟ್ಟಿದ್ದರೆ ಅದರ ಎರಡೂ ತುದಿಗೆ ಸಣ್ಣ ಡ್ರಿಲ್ ತೂತು ಹಾಕಿ ಆಮೇಲೆ ವೆಲ್ಡ್ ಮಾಡಿದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಆದರೆ ಕ್ಯಾಬಿನ್ ಕೂರುವ ರಬ್ಬರ್ ಬುಷ್ ಸವೆದಿದ್ದರೆ ಅದನ್ನು ಬದಲಿಸದೆ ಎಷ್ಟು ಬೆಸೆದರೂ ಬಿರುಕು ಮತ್ತೆ ಬರುತ್ತದೆ. ತೆಳು ತಗಡಿಗೆ ಕಡ್ಡಿ ವೆಲ್ಡಿಂಗ್‌ಗಿಂತ ಸಿಓ2 ವೆಲ್ಡಿಂಗ್ ಮೇಲು, ಕಡ್ಡಿಯ ಶಾಖಕ್ಕೆ ತಗಡು ಸುಟ್ಟು ತೂತಾಗುವುದುಂಟು. ಶುರು ಮಾಡುವ ಮುನ್ನ ಬ್ಯಾಟರಿ ತಂತಿ ಬಿಡಿಸಿ, ಅಡಿಯ ಡೀಸೆಲ್ ಪೈಪ್, ವೈರಿಂಗ್ ಎಲ್ಲಿ ಹೋಗಿವೆ ನೋಡಿ. ಸೀಟಿನ ಸ್ಪಂಜು ಹೊರಗಿರಲಿ, ಬಕೆಟ್ ನೀರು ಪಕ್ಕದಲ್ಲಿರಲಿ. ಕೊನೆಗೆ ಪ್ರೈಮರ್, ಸಂದಿಗೆ ಸೀಲರ್, ಪೇಂಟ್. ಇವು ಮೇಲೂ ಬೇಕು, ಅಡಿಗೂ ಬೇಕು. ಅಡಿಯ ಕಡೆ ಬಿಟ್ಟರೆ ಅರ್ಧ ಕೆಲಸವಾದಂತೆ.

‘ಅಡಿಗೆ ಹಳೆ ಎಂಜಿನ್ ಆಯಿಲ್ ಹೊಡೆದರೆ ತುಕ್ಕು ಬರಲ್ಲ’ ಎಂಬುದರಲ್ಲಿ ಸ್ವಲ್ಪ ಸತ್ಯವಿದೆ. ಎಣ್ಣೆ ಕೆಲವು ದಿನ ನೀರನ್ನು ದೂರ ಇಡುತ್ತದೆ. ಆದರೆ ಅದು ಧೂಳು ಹಿಡಿಯುತ್ತದೆ, ರಬ್ಬರ್ ಬುಷ್‌ಗಳನ್ನು ಹಾಳು ಮಾಡುತ್ತದೆ, ಮುಂದೆ ವೆಲ್ಡಿಂಗ್ ಮಾಡುವಾಗ ಬೆಂಕಿ ಹತ್ತಿಸುತ್ತದೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ ಕೂಡ.

ವೆಲ್ಡಿಂಗ್ ಮಾಡುವವರ ನಡುವೆ ಓಡಾಡುವ ಮಾತೊಂದಿದೆ: ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಏನೂ ಮಾಡುವುದಿಲ್ಲ. ಹೊಟ್ಟೆಗೆ ಹೋದ ಹಾಲು ಶ್ವಾಸಕೋಶ ತೊಳೆಯುವುದಿಲ್ಲ. ಸತು ಲೇಪಿಸಿದ ಜಿಐ ತಗಡನ್ನು ಬೆಸೆದ ದಿನ ಸಂಜೆ ಚಳಿ, ಜ್ವರ, ಮೈಕೈ ನೋವು ಬಂದರೆ ಅದು ಸತುವಿನ ಹೊಗೆಯ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹಾಲಿನಿಂದ ಇಳಿಯಿತು ಎನಿಸುವುದೂ ಅದಕ್ಕೇ. ಬೆಸೆಯುವ ಜಾಗದ ಲೇಪನ ಉಜ್ಜಿ ತೆಗೆಯುವುದು, ಬಾಗಿಲು ತೆರೆದಿಟ್ಟು ಮಾಸ್ಕ್ ಹಾಕುವುದು ಕೆಲಸಕ್ಕೆ ಬರುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ವೈದ್ಯರ ಹತ್ತಿರ ಹೋಗಬೇಕು.

‘15 ವರ್ಷವಾದ ಲಾರಿ ಹೇಗೂ ಗುಜರಿಗೆ, ಖರ್ಚು ಯಾಕೆ’ ಎಂಬ ಫಾರ್ವರ್ಡ್ ನಂಬಿ ರಿಪೇರಿ ಮುಂದೂಡುವವರೂ ಇದ್ದಾರೆ. 2023ರ ಏಪ್ರಿಲ್ 1ರಿಂದ 15 ವರ್ಷಕ್ಕೆ ನೋಂದಣಿ ರದ್ದಾಗುವ ನಿಯಮ ಬಂದದ್ದು ಸರ್ಕಾರಿ ವಾಹನಗಳಿಗೆ. ದೆಹಲಿ ಸುತ್ತಮುತ್ತ ಹಳೆ ಡೀಸೆಲ್ ಗಾಡಿಗಳ ನಿಯಮ ಬೇರೆ. ಕೆಎ 28 ನಂಬರಿನ ನಿಮ್ಮ ಲಾರಿಯ ವಿಷಯ ನಿಂತಿರುವುದು ಫಿಟ್ನೆಸ್ ಪರೀಕ್ಷೆಯ ಮೇಲೆ. ಸರಕು ವಾಹನಕ್ಕೆ ಎಂಟು ವರ್ಷ ದಾಟಿದ ಮೇಲೆ ಅದು ಪ್ರತಿ ವರ್ಷ ಬೇಕು, ಗಾಡಿ ಹಳೆಯದಾದಂತೆ ಶುಲ್ಕವೂ ಹೆಚ್ಚು.

ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ಮ್ಯಾಟ್ ಹಾಕುವ ಮುಂಚೆ ವಿಂಡ್‌ಶೀಲ್ಡ್ ಮೇಲೆ, ಬಾಗಿಲ ಸಂದಿಗೆ ಒಂದೆರಡು ಕೊಡ ನೀರು ಸುರಿಸಿ, ತಳಕ್ಕೆ ಎಲ್ಲಿಂದ ಇಳಿಯುತ್ತದೆ ಎಂದು ನೋಡಿ. ಆಮೇಲೆ ಪೆಡಲ್ ಹಿಂದೆ ಒಣ ಬಟ್ಟೆ ಒರೆಸಿ ನೋಡಿ. ಬಟ್ಟೆ ಜಿಡ್ಡಾದರೆ ಮೊದಲು ಆ ಸಿಲಿಂಡರ್ ಸರಿಮಾಡಿಸಿ.