ಉಜ್ಜಬೇಡಿರಿ!

ಹೋದ ತಿಂಗಳು ಇಂಗ್ಲೆಂಡಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಿಂಚಂಚೆ ಬಂದಿತು. ಏಳನೆಯ ತರಗತಿಯಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುತ್ತಿದ್ದ ಹುಡುಗ. ಈಗ ಹಳೆಯ ಆಯುಧಗಳನ್ನು ಕೂಡಿಡುತ್ತಾನಂತೆ. ಜೊತೆಯಲ್ಲಿ ನಾಲ್ಕು ಛಾಯಾಚಿತ್ರಗಳಿದ್ದುವು. "ಮೇಷ್ಟ್ರೇ, ಇದು ಐರ್ಲೆಂಡಿನ ಪೊಲೀಸರ ವೆಬ್ಲಿ ರಿವಾಲ್ವರ್. ತುಂಬಾ ಮಂಕಾಗಿದೆ. ಪಾಲಿಶ್ ಮಾಡಿಸಿ ಹೊಸ ನೀಲಿ ಬಣ್ಣ ಕೊಡಿಸಲೇ?" ಎಂಬುದು ಪ್ರಶ್ನೆ. ಕೂಡದೆಂದು ಒಂದೇ ಸಾಲಿನಲ್ಲಿ ಬರೆದೆನು. "ಸಂಗ್ರಾಹಕರೆಲ್ಲ ಹಾಗೆಯೇ ಮಾಡಿಸುತ್ತಾರೆ" ಎಂದು ಅವನ ಮರುತ್ತರ. ಆ ಎಲ್ಲರನ್ನೂ ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ರಾಯಲ್ ಐರಿಷ್ ಕಾನ್‌ಸ್ಟ್ಯಾಬ್ಯುಲರಿ ಎಂಬ ಪೊಲೀಸ್ ಪಡೆಯು 1868ರಲ್ಲಿ ವೆಬ್ಲಿಯವರ ಈ ರಿವಾಲ್ವರನ್ನು ಆರಿಸಿಕೊಂಡಿತು. ಬರ್ಮಿಂಗ್‌ಹ್ಯಾಮಿನ ಆ ತಯಾರಕರು ಜಾಣರು. ಅದೇ ಮಾದರಿಯನ್ನು 'ಆರ್.ಐ.ಸಿ.' ಎಂಬ ಹೆಸರಿನಿಂದಲೇ ಹಣ ಕೊಟ್ಟವರಿಗೆಲ್ಲ ಮಾರಿದರು. ಆದುದರಿಂದ ಮೈಮೇಲೆ 'ವೆಬ್ಲೀಸ್ ಆರ್.ಐ.ಸಿ.' ಎಂದು ಕೊರೆದಿದ್ದರೆ ಅದು ಸರಕಿನ ಹೆಸರೇ ಹೊರತು ಪೊಲೀಸರ ಸ್ವತ್ತೆಂಬುದಕ್ಕೆ ಸಾಕ್ಷಿಯಲ್ಲ. ಪಡೆಯ ಸ್ವತ್ತಾಗಿದ್ದವುಗಳ ಮೇಲೆ ಬೇರೆಯಾಗಿಯೇ ಕಿರೀಟದ ಚಿಹ್ನೆಯೂ ಅದರ ಕೆಳಗೆ ಆ ಮೂರಕ್ಷರಗಳೂ ಒತ್ತಲ್ಪಟ್ಟಿರುತ್ತವೆ. ಇಷ್ಟು ಸರಳವಾದ ಭೇದವನ್ನು ಮಾರುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಕೇಳಿದರೆ ತಾನು ಕೊಟ್ಟ ಬೆಲೆ ಕರಗೀತೆಂಬ ಭಯ! ಬೆಲ್ಜಿಯಮಿನಲ್ಲಿ ತಯಾರಾದ ನಕಲುಗಳೂ ಬೇಕಾದಷ್ಟಿವೆ. ಅಂಡಾಕಾರದೊಳಗೆ 'ಇ.ಎಲ್.ಜಿ.' ಎಂಬ ಲೀಜ್ ಪಟ್ಟಣದ ಪರೀಕ್ಷಾ ಮುದ್ರೆಯನ್ನು ಹೊತ್ತೂ ಅವು 'ಐರಿಷ್ ಪೊಲೀಸ್ ಪಿಸ್ತೂಲು'ಗಳೆಂದು ಮೆರೆಯುತ್ತವೆ.

ಕಾಲವನ್ನು ಹೇಳುವುದೂ ಮುದ್ರೆಯೇ. ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿಗಳನ್ನು ಪರೀಕ್ಷಿಸುವ ಪ್ರೂಫ್ ಹೌಸ್ 1813ರಲ್ಲಿ ಸ್ಥಾಪನೆಯಾಯಿತು. ಹಳೆಯ ಮುದ್ರೆಯಲ್ಲಿ ಕಿರೀಟದಡಿ ಅಡ್ಡಹಾಯ್ದ ಎರಡು ರಾಜದಂಡಗಳು. 1904ರಿಂದ ಕಿರೀಟದ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂಬ ಅಕ್ಷರಗಳು. 1870ರ ಆಯುಧವೆಂದು ಮಾರುವುದರ ಮೇಲೆ ಎನ್.ಪಿ. ಇದ್ದರೆ, ಒಂದೋ ಅದು 1870ರದಲ್ಲ, ಇಲ್ಲವೇ 1904ರ ಬಳಿಕ ಮತ್ತೊಮ್ಮೆ ಪರೀಕ್ಷೆಗೆ ಹೋಗಿದೆ. ಇನ್ನು ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತೆಂಬುದಕ್ಕೆ ಮಾತ್ರ ಸಾಕ್ಷಿ. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ಸೇವೆಯಿಂದ ತೆಗೆದು ಮಾರಿದ್ದೆಂದರ್ಥ.

ಇವನ್ನೆಲ್ಲ ಉಜ್ಜುವ ಚಕ್ರ ಐದು ನಿಮಿಷದಲ್ಲಿ ನುಂಗಿಬಿಡುತ್ತದೆ. ಅಂಚುಗಳು ಸವೆದು ದುಂಡಾಗುತ್ತವೆ, ತಿರುಪಿನ ತೂತುಗಳ ಸುತ್ತ ತಟ್ಟೆಯಂತೆ ತಗ್ಗು ಬೀಳುತ್ತದೆ, ಕಿರೀಟ ಕಲೆಯಾಗುತ್ತದೆ. ಬಳಿಕ ಬರುವವನು ಇನ್ನೂ ಘಾತುಕ: ಅಳಿಸಿದ ಜಾಗದಲ್ಲಿ ಹೊಸ ಅಚ್ಚು ಒತ್ತುವವನು. ಮೈಯೆಲ್ಲ ಸವೆದು ಅಕ್ಷರಗಳು ಮಾತ್ರ ನಿನ್ನೆ ಕೆತ್ತಿದಂತೆ ಚೂಪಾಗಿದ್ದರೆ ಸಂಶಯಪಡಿರಿ. ನಮ್ಮಲ್ಲಿ ಶಾಸನಕ್ಕೆ ಎಣ್ಣೆಬಣ್ಣ ಬಳಿಯುವ ಜೀರ್ಣೋದ್ಧಾರಕರಾದರೂ ಅಕ್ಷರಗಳನ್ನು ಒಳಗೇ ಉಳಿಸಿರುತ್ತಾರೆ.

ಕಬ್ಬಿಣದ ತುಂಡಿಗೆ ಇಷ್ಟು ಗದ್ದಲವೇಕೆಂದು ಕೆಲವರು ಕೇಳಬಹುದು. ಬಂದೂಕನ್ನು ಮುಟ್ಟದ ಮೇಷ್ಟರಿಗೆ ಇದರ ಗೊಡವೆಯೇಕೆಂದು ಮನೆಯಲ್ಲಿಯೇ ಕೇಳಿಯಾಯಿತು. 1879ರಿಂದ 1882ರವರೆಗಿನ ಭೂಹೋರಾಟದ ದಿನಗಳಲ್ಲಿ ಗೇಣಿ ಕೊಡಲಾರದ ರೈತರನ್ನು ಗುಡಿಸಲಿನಿಂದ ಹೊರಹಾಕುವಾಗ ಕಾವಲಿಗೆ ನಿಂತದ್ದು ಈ ಪಡೆಯೇ. ನಿಂತವರಲ್ಲಿ ಬಹುಪಾಲು ಐರಿಷ್ ರೈತರ ಮಕ್ಕಳೇ ಆಗಿದ್ದರು. 1922ರಲ್ಲಿ ಪಡೆ ವಿಸರ್ಜನೆಯಾಯಿತು. ನಮಗೂ ಇದು ಹೊರಗಿನ ಕಥೆಯಲ್ಲ: ಸಿಂಧ್ ಪ್ರಾಂತದಲ್ಲಿ 1843ರಲ್ಲಿ ನೇಪಿಯರ್ ಕಟ್ಟಿದ ಪೊಲೀಸ್ ವ್ಯವಸ್ಥೆಗೆ ಐರ್ಲೆಂಡಿನದೇ ಮಾದರಿ, 1861ರ ಪೊಲೀಸ್ ಕಾಯಿದೆಯ ಹಿಂದೆಯೂ ಅದರ ನೆರಳಿದೆ. ಇಂತಹ ಪಡೆಯ ಗುರುತನ್ನು 'ಹೊಳಪು ಬರಲಿ' ಎಂದು ಅಳಿಸುವವನನ್ನು ನಾನು ಸಂಗ್ರಾಹಕನೆನ್ನಲಾರೆ. ಅವನು ಹಣ ತೆತ್ತು ಸಾಕ್ಷಿ ನಾಶ ಮಾಡುವವನು.

ಅವನು ಕಳುಹಿಸಿದ ಮೂರನೆಯ ಚಿತ್ರದಲ್ಲಿ, ಹಿಡಿಯ ಮೇಲ್ಗಡೆ, ಕಿರೀಟದ ತಳದ ಗೆರೆಯಂತಹದೊಂದು ನನ್ನ ಮಂದದೃಷ್ಟಿಗೂ ಕಂಡಿತು. ಮೆತ್ತನೆಯ ಬಟ್ಟೆಯಿಂದ ತೆಳುವಾಗಿ ಎಣ್ಣೆ ಸವರಿ, ಟಾರ್ಚನ್ನು ಪಕ್ಕದಿಂದ ಹಿಡಿದು ಇನ್ನೊಂದು ಚಿತ್ರ ತೆಗೆಯಪ್ಪಾ ಎಂದು ಬರೆದಿದ್ದೇನೆ. ಇನ್ನೂ ಬಂದಿಲ್ಲ.