ಅಗ್ಗಿಷ್ಟಿಕೆಯ ಮರದ ಗಿಟಾರು

ವಿಜ್ಞಾನದ ಮೇಷ್ಟರಿಗೆ ರಾಕ್ ಸಂಗೀತದ ಗೊಡವೆ ಏಕೆ ಎಂದು ಕೆಲವು ಪಾಲಕರು ಹುಬ್ಬೇರಿಸಬಹುದು. ಏರಿಸಲಿ ಬಿಡಿ. ನಿಮಗೆ ಇಷ್ಟವಾದ ಬ್ಯಾಂಡ್ ಯಾವುದು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಇಂಗ್ಲೆಂಡಿನ 'ಕ್ವೀನ್'. ಬೀಟಲ್ಸ್ ತಂಡದ್ದು ಮೊದಲ ಸಾಲಿನ ಹೆಸರು, ಅಬ್ಬಾ ಹಾಡುಗಳು ಕಿವಿಗೆ ಇಂಪು, ಪಿಂಕ್ ಫ್ಲಾಯ್ಡ್ ಕೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಎಲ್ಲ ಒಪ್ಪಿದೆ. ಆದರೂ ಮನಸ್ಸು ಹೋಗಿ ನಿಲ್ಲುವುದು ಕ್ವೀನ್ ಬಳಿಯೇ.

ರುಚಿಗೆ ಕಾರಣ ಕೇಳಬಾರದು ಎನ್ನುತ್ತಾರೆ. ಒಬ್ಬರಿಗೆ ಹುಳಿ ಸೇರುತ್ತದೆ, ಇನ್ನೊಬ್ಬರಿಗೆ ಸಿಹಿ. ಆದರೆ ವಿಜ್ಞಾನ ಕಲಿಸುವವನಿಗೆ 'ಏಕೆ' ಎನ್ನದೆ ಇರುವುದು ಕಷ್ಟ. ಹಾಗೆ ಕೇಳುತ್ತ ಹೋದಷ್ಟೂ ಈ ಹಾಡುಗಳು ನನಗೆ ಹತ್ತಿರವಾದವು. ಕಾರಣ ತಿಳಿದರೆ ರುಚಿ ಕೆಡುತ್ತದೆ ಎಂಬುದು ಸುಳ್ಳು.

ತಂಡ ಹುಟ್ಟಿದ್ದು 1970ರಲ್ಲಿ, ಲಂಡನ್ನಿನಲ್ಲಿ. ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಮೂಲ ಹೆಸರು ಫರೂಖ್ ಬಲ್ಸಾರಾ. 1946ರಲ್ಲಿ ಜಾಂಜಿಬಾರಿನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಈತ ಓದಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗನಿಯಲ್ಲಿ. ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಪಿಯಾನೋ ಕಲಿತು, ಗೆಳೆಯರ ಜತೆ 'ಹೆಕ್ಟಿಕ್ಸ್' ಎಂಬ ಪುಟ್ಟ ತಂಡ ಕಟ್ಟಿದ್ದ. ಮುಂದೆ ಲಂಡನ್ನಿನಲ್ಲಿ ಚಿತ್ರಕಲೆ ಮತ್ತು ವಿನ್ಯಾಸ ಓದಿದ. ಕ್ವೀನ್ ಲಾಂಛನವನ್ನು ಬರೆದವನೂ ಅವನೇ. ಗಿಟಾರ್ ವಾದಕ ಬ್ರಯಾನ್ ಮೇ ಭೌತವಿಜ್ಞಾನದ ಪದವೀಧರ. ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್‌ನಲ್ಲಿ ಪ್ರಥಮ ದರ್ಜೆ. ಡ್ರಮ್ಸ್ ಬಾರಿಸುವ ರೋಜರ್ ಟೇಲರ್ ದಂತವೈದ್ಯ ಕಲಿಯಲು ಬಂದು, ಅದನ್ನು ಬಿಟ್ಟು ಜೀವವಿಜ್ಞಾನ ಓದಿದವರು. ನನ್ನಂಥವನಿಗೆ ಇಷ್ಟವಾಗಲು ಇನ್ನೇನು ಬೇಕು ಹೇಳಿ!

ಬ್ರಯಾನ್ ಮೇ ಕೈಯಲ್ಲಿರುವ ಕೆಂಪು ಗಿಟಾರ್ ಯಾವ ಅಂಗಡಿಯದೂ ಅಲ್ಲ. 1963ರಲ್ಲಿ ಹುಡುಗನಿಗೆ 16 ವರ್ಷ. ಹೆಸರಾಂತ ಕಂಪನಿಗಳ ಗಿಟಾರ್ ಕೊಳ್ಳುವ ಶಕ್ತಿ ಮನೆಯವರಿಗೆ ಇರಲಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಕೈಕೆಲಸದಲ್ಲಿ ನಿಪುಣರು. ಅಪ್ಪ ಮಗ ಇಬ್ಬರೂ ಕೂತು ಸುಮಾರು ಎರಡು ವರ್ಷ ಕೆಲಸ ಮಾಡಿ ಗಿಟಾರನ್ನೇ ತಯಾರಿಸಿದರು. ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರ ಗಿಟಾರಿನ ಕತ್ತಾಯಿತು. ಮರಕ್ಕೆ ಹುಳು ಕೊರೆದ ತೂತುಗಳಿದ್ದವು. ಅವನ್ನು ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳು ತಂತಿಯ ಎಳೆತವನ್ನು ಸರಿದೂಗಿಸಿದವು. ಬೆರಳಿಡುವ ಜಾಗ ಗುರುತಿಸುವ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆಪೆಟ್ಟಿಗೆಯ ಗುಂಡಿಗಳು!

ಈ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಮೂರು ಪಿಕಪ್‌ಗಳಿವೆ. ಪಿಕಪ್ ಎಂದರೆ ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ಅಷ್ಟೆ. ಪ್ರತಿಯೊಂದಕ್ಕೂ ಎರಡು ಸ್ವಿಚ್ಚುಗಳು. ಒಂದು ಅದನ್ನು ಚಾಲೂ ಮಾಡಲು, ಇನ್ನೊಂದು ಅದರ ಅಲೆಯನ್ನು ತಲೆಕೆಳಗು ಮಾಡಲು. ಎರಡು ಅಲೆಗಳ ಉಬ್ಬು ಉಬ್ಬಿಗೆ ಸೇರಿದರೆ ದನಿ ಹಿಗ್ಗುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದರೆ ಕುಗ್ಗುತ್ತದೆ. ದನಿಯಲ್ಲಿ ಅಡಗಿರುವ ಕೆಲವು ಸ್ವರಗಳು ಹಿಗ್ಗಿ ಕೆಲವು ಕುಗ್ಗಿದಾಗ ನಾದದ ಬಣ್ಣವೇ ಬದಲಾಗುತ್ತದೆ. ಪಠ್ಯಪುಸ್ತಕದಲ್ಲಿ 'ವ್ಯತಿಕರಣ' ಎಂದು ಬಾಯಿಪಾಠ ಮಾಡುವುದು ಇದನ್ನೇ. ಆ ಗಿಟಾರು ಕೆಲವು ಕಡೆ ಪಿಟೀಲಿನಂತೆ, ಕೆಲವು ಕಡೆ ತುತ್ತೂರಿಯಂತೆ ಕೇಳಿಸುವುದರಲ್ಲಿ ಈ ಸ್ವಿಚ್ಚುಗಳ ಪಾಲೂ ಇದೆ.

ಇನ್ನು ನನ್ನ ಮೆಚ್ಚಿನ ಹಾಡುಗಳ ಪಟ್ಟಿ.

ಮೊದಲನೆಯದು, ಎಲ್ಲರೂ ಊಹಿಸುವಂತೆ, 1975ರ 'ಬೊಹೀಮಿಯನ್ ರಾಪ್ಸಡಿ'. 2018ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ಇಂದಿನ ಮಕ್ಕಳಿಗೂ ಇದು ಪರಿಚಿತ. ಆರು ನಿಮಿಷಕ್ಕೆ ಐದು ಸೆಕೆಂಡು ಕಡಿಮೆ ಇರುವ ಹಾಡು. ಆಗಿನ ರೇಡಿಯೋ ಹಾಡುಗಳು ಮೂರು ನಿಮಿಷದ ಆಸುಪಾಸಿನವು. ನಡುವೆ ಕೇಳಿಬರುವ ದೊಡ್ಡ ಗಾಯಕವೃಂದದಲ್ಲಿ ಇದ್ದವರು ಮೂವರೇ: ಮರ್ಕ್ಯುರಿ, ಮೇ ಮತ್ತು ಟೇಲರ್. ತಮ್ಮ ದನಿಯ ಮೇಲೆ ತಾವೇ ಮತ್ತೆ ಮತ್ತೆ ಹಾಡಿ, 24 ಪಥಗಳ ಟೇಪಿನಲ್ಲಿ ಪದರ ಪದರವಾಗಿ ಸೇರಿಸಿದರು. ಟೇಪ್ ಎಂದರೆ ಕಬ್ಬಿಣದ ಆಕ್ಸೈಡ್ ಬಳಿದ ಪ್ಲಾಸ್ಟಿಕ್ ಪಟ್ಟಿ. ಯಂತ್ರದಲ್ಲಿ ಅಷ್ಟು ಸಲ ಓಡಿ ಓಡಿ ಆ ಲೇಪವೇ ಸವೆದು, ಟೇಪಿನ ಆಚೆಗಿನ ಬೆಳಕು ಕಾಣತೊಡಗಿತ್ತಂತೆ.

ಎರಡನೆಯದು 1977ರ 'ವಿ ವಿಲ್ ರಾಕ್ ಯೂ'. ಎರಡು ಸಲ ಕಾಲು ಬಡಿ, ಒಂದು ಸಲ ಚಪ್ಪಾಳೆ ತಟ್ಟು. ಇದನ್ನು ಕೇಳದ ಕ್ರೀಡಾಂಗಣವೇ ಇಲ್ಲವೇನೋ. ಸಾವಿರಾರು ಜನ ಬಡಿದಂತೆ ಕೇಳಿಸುವ ಆ ಸದ್ದಿಗೆ ಬೇಕಾದವರು ಕೆಲವೇ ಜನ, ಕಾಲಡಿಗೆ ಒಂದಿಷ್ಟು ಹಲಗೆ. ಭೌತವಿಜ್ಞಾನಿ ಮೇ ಇಲ್ಲಿ ಒಂದು ಉಪಾಯ ಹೂಡಿದರು. ದೊಡ್ಡ ಗುಂಪಿನಲ್ಲಿ ಒಬ್ಬೊಬ್ಬರೂ ನಮ್ಮಿಂದ ಒಂದೊಂದು ದೂರದಲ್ಲಿರುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಅವರ ಚಪ್ಪಾಳೆ ನಮ್ಮನ್ನು ತಲುಪುವುದೂ ಬೇರೆ ಬೇರೆ ಗಳಿಗೆಗೆ. ಹಾಗಾಗಿ ಧ್ವನಿಮುದ್ರಿಸಿದ ಸದ್ದನ್ನೇ ಸ್ವಲ್ಪ ಸ್ವಲ್ಪ ತಡಮಾಡಿ ಮತ್ತೆ ಮತ್ತೆ ಸೇರಿಸಿದರೆ ಗುಂಪು ದೊಡ್ಡದಾಗುತ್ತದೆ. ಆದರೆ ಸಮ ಅಂತರದಲ್ಲಿ ಸೇರಿಸಿದರೆ ಕೇಳಿಸುವುದು ಬರೀ ಪ್ರತಿಧ್ವನಿ. ಅದಕ್ಕೇ ಅವರು ಆ ಅಂತರಗಳಿಗೆ ಅವಿಭಾಜ್ಯ ಸಂಖ್ಯೆಗಳ ಅನುಪಾತ ಆರಿಸಿಕೊಂಡರು. 4 ಮತ್ತು 6ರ ಮಗ್ಗಿಗಳು 12ರಲ್ಲೇ ಸಂಧಿಸುತ್ತವೆ. 11 ಮತ್ತು 13ರ ಮಗ್ಗಿಗಳು 143ರವರೆಗೆ ಸಂಧಿಸುವುದೇ ಇಲ್ಲ. ಲಸಾಅ ಲೆಕ್ಕದಿಂದ ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ನಾನು ಈ ಹಾಡನ್ನು ತೋರಿಸುತ್ತೇನೆ.

ಮೂರನೆಯದು ಅಷ್ಟಾಗಿ ಪ್ರಸಿದ್ಧವಲ್ಲದ '39'. ಬರೆದು ಹಾಡಿದ್ದು ಮೇ ಅವರೇ. ಹೊಸ ನೆಲ ಹುಡುಕಲು ಹೊರಟ ಆಕಾಶಯಾನಿಗಳು ತಮ್ಮ ಲೆಕ್ಕದಲ್ಲಿ ಒಂದೇ ವರ್ಷ ಕಳೆದು ಮರಳುತ್ತಾರೆ. ಭೂಮಿಯಲ್ಲಿ ನೂರು ವರ್ಷ ಆಗಿಹೋಗಿರುತ್ತದೆ. ತಮ್ಮವರು ಯಾರೂ ಉಳಿದಿಲ್ಲ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಇದು ಆಗದ ಮಾತಲ್ಲ. ಒಂದು ವರ್ಷ ನೂರಾಗಬೇಕಾದರೆ ನೌಕೆ ಬೆಳಕಿನ ವೇಗದ ಶೇಕಡಾ 99.995ರಷ್ಟು ವೇಗದಲ್ಲಿ ಓಡಬೇಕು. ಪಿಯುಸಿ ವಿದ್ಯಾರ್ಥಿಗಳು ಸೂತ್ರ ಹಾಕಿ ನೋಡಿ. ಆದರೆ ಸೂತ್ರದಲ್ಲಿ ಕಾಣದ ಅಗಲಿಕೆಯ ನೋವು ಈ ಹಾಡಿನಲ್ಲಿದೆ. ನನ್ನ ಮಟ್ಟಿಗೆ ಇದೇ ತಂಡದ ಅತ್ಯುತ್ತಮ ರಚನೆ. ಜಗತ್ತೆಲ್ಲ 'ರಾಪ್ಸಡಿ' ಎಂದರೂ ನಾನು ಬಗ್ಗುವವನಲ್ಲ.

ನಾಲ್ಕನೆಯದು 1980ರಲ್ಲಿ ಡೀಕನ್ ಬರೆದ 'ಅನದರ್ ಒನ್ ಬೈಟ್ಸ್ ದ ಡಸ್ಟ್'. ಇದರ ಬಡಿತ ನಿಮಿಷಕ್ಕೆ ಸುಮಾರು 110. ಹೃದಯ ನಿಂತವರ ಎದೆ ಒತ್ತಿ ಪ್ರಥಮ ಚಿಕಿತ್ಸೆ ನೀಡುವಾಗ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಎನ್ನುತ್ತಾರೆ ವೈದ್ಯರು. ಲಯಕ್ಕೆ ಈ ಹಾಡು ಹೇಳಿ ಮಾಡಿಸಿದಂತಿದೆ. ಅರ್ಥ ಮಾತ್ರ 'ಇನ್ನೊಬ್ಬ ಮಣ್ಣುಮುಕ್ಕಿದ' ಎಂದು! ರೋಗಿಯ ಮುಂದೆ ಗಟ್ಟಿಯಾಗಿ ಹಾಡದಿದ್ದರೆ ಒಳ್ಳೆಯದು.

ಹಾಗೆಂದು ಕ್ವೀನ್ ಮಾಡಿದ್ದೆಲ್ಲ ನನಗೆ ಒಪ್ಪಿಗೆ ಎಂದು ತಿಳಿಯಬೇಡಿ. 1982ರ 'ಹಾಟ್ ಸ್ಪೇಸ್' ಧ್ವನಿಸುರುಳಿ ನನಗೆ ರುಚಿಸಲೇ ಇಲ್ಲ. ಅದು ಸಣ್ಣ ಮಾತು. 1984ರಲ್ಲಿ, ವರ್ಣಭೇದ ನೀತಿಯ ಕಾರಣಕ್ಕೆ ಕಲಾವಿದರು ದಕ್ಷಿಣ ಆಫ್ರಿಕವನ್ನು ಬಹಿಷ್ಕರಿಸಿದ್ದ ಕಾಲದಲ್ಲಿ, ಈ ತಂಡ ಅಲ್ಲಿನ ಸನ್ ಸಿಟಿಗೆ ಹೋಗಿ ಹಾಡಿತು. ಬ್ರಿಟನ್ನಿನ ಸಂಗೀತಗಾರರ ಸಂಘ ಅವರಿಗೆ ದಂಡ ಹಾಕಿತು. ಅವರು ತಪ್ಪು ಮಾಡಿದರು ಎಂದೇ ನಾನೂ ಹೇಳುತ್ತೇನೆ. ಮುಂದಿನ ವರ್ಷ ಬರಗಾಲ ಪೀಡಿತ ಇಥಿಯೋಪಿಯದ ನೆರವಿಗಾಗಿ ನಡೆದ 'ಲೈವ್ ಏಡ್' ಕಾರ್ಯಕ್ರಮದಲ್ಲಿ ಅದೇ ತಂಡ ಸುಮಾರು 20 ನಿಮಿಷ ಹಾಡಿ ಜಗತ್ತನ್ನು ಗೆದ್ದಿತು. ಎರಡೂ ನಿಜ. ಮೆಚ್ಚಿದವರ ತಪ್ಪನ್ನು ತಪ್ಪು ಎನ್ನಲಾಗದ ಅಭಿಮಾನ ಕುರುಡು ಭಕ್ತಿಯಾಗುತ್ತದೆ.

ಈಗ ಪಾಲಕರ ವಿಷಯಕ್ಕೆ ಬರೋಣ. ಗಿಟಾರ್ ಮಾಡಲು ಮಗನ ಜತೆ ಎರಡು ವರ್ಷ ದುಡಿದ ಹೆರಾಲ್ಡ್ ಮೇ, ಅದೇ ಗಿಟಾರಿಗಾಗಿ ಮಗ ಡಾಕ್ಟರೇಟ್ ಬಿಟ್ಟಾಗ ಬಹಳ ನೊಂದುಕೊಂಡರು. ಬ್ರಯಾನ್ ಆಗ ಸಂಶೋಧನೆ ನಡೆಸುತ್ತಿದ್ದುದು ಗ್ರಹಗಳ ನಡುವೆ ಹರಡಿರುವ ಧೂಳಿನ ಬಗ್ಗೆ. ಹತ್ತಿರ ಬರುವ ಆಂಬುಲೆನ್ಸಿನ ದನಿ ಏರಿ, ದೂರ ಹೋಗುವಾಗ ಇಳಿಯುವುದನ್ನು ಕೇಳಿದ್ದೀರಷ್ಟೆ? ಬೆಳಕಿನಲ್ಲೂ ಅಂಥ ಬದಲಾವಣೆ ಆಗುತ್ತದೆ. ಅದನ್ನು ಅಳೆದು ಧೂಳು ಎತ್ತ ಸಾಗುತ್ತಿದೆ ಎಂದು ಕಂಡುಹಿಡಿಯುವ ಕೆಲಸ ಅರ್ಧಕ್ಕೇ ನಿಂತಿತು. ಇಷ್ಟು ಓದಿಸಿದ್ದು ಇದಕ್ಕಾಗಿಯೇ ಎಂಬುದು ತಂದೆಯ ಕೊರಗು. ಆ ಕೊರಗನ್ನು ನಾನು ಹಗುರಾಗಿ ಕಾಣಲಾರೆ. ಗಿಟಾರ್ ಹಿಡಿದ ಹುಡುಗರು ಸಾವಿರಾರು, ಹೆಸರು ಗಳಿಸಿದವರು ಬೆರಳೆಣಿಕೆ. ಅಪ್ಪ ಮಗನ ನಡುವೆ ಮುಸುಕಿದ್ದ ಬೇಸರ ಕರಗಿದ್ದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ಕಿಕ್ಕಿರಿದ ಜನರ ನಡುವೆ ಕೂತು ಮಗನ ವಾದನವನ್ನು ಅಪ್ಪ ಕೇಳಿದ ಮೇಲೆ. ಈಗ ಅರ್ಥವಾಯಿತು ಎಂದು ಮಗನ ಕೈಕುಲುಕಿದರಂತೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮೂರು ದಶಕ ಕಳೆದ ಮೇಲೆ ಮೇ ಹಳೆಯ ಟಿಪ್ಪಣಿ ಪುಸ್ತಕಗಳ ಧೂಳು ಕೊಡವಿ ಇಂಪೀರಿಯಲ್ ಕಾಲೇಜಿಗೆ ಮರಳಿದರು. 2007ರಲ್ಲಿ, 60ನೆಯ ವಯಸ್ಸಿನಲ್ಲಿ, ಪ್ರಬಂಧ ಪೂರ್ಣಗೊಂಡಿತು. ಅದನ್ನು ನೋಡಲು ಅಪ್ಪ ಇರಲಿಲ್ಲ.

ಮಗನೋ ಮಗಳೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಓದು ಹಾಳಾಯಿತು ಎಂದು ಪೋಷಕರ ಸಭೆಯಲ್ಲಿ ಅನೇಕರು ನನ್ನ ಬಳಿ ದೂರುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಹಾಡು ಬೇಡ ಎಂದು ಗದರಿಸುವುದರಲ್ಲಿ ತಪ್ಪೇನಿಲ್ಲ. ಆದರೆ 'ಅದೇನು ಗಲಾಟೆ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ಅವರಿಗೆ ಇಷ್ಟವಾದ ಹಾಡು ಕೊರಿಯಾದ ಹುಡುಗರದಿರಲಿ, ಕನ್ನಡದ ರ್‍ಯಾಪ್ ಇರಲಿ, ಒಂದನ್ನು ಪಕ್ಕದಲ್ಲಿ ಕೂತು ಪೂರ್ತಿ ಕೇಳಿ. ಇದರಲ್ಲಿ ನಿನಗೆ ಇಷ್ಟವಾದದ್ದು ಏನು ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಮೊದಲ ಸಲ 'ಸುಮ್ಮನೆ' ಎನ್ನುತ್ತಾರೆ. ಎರಡನೆಯ ಸಲ ಬಾಯಿ ಬಿಡುತ್ತಾರೆ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ನಿಮ್ಮ ಮೆಚ್ಚಿನ ಹಾಡೊಂದನ್ನು ಮೂರು ಸಲ ಕೇಳಿ. ಮೊದಲ ಸಲ ಗಡಿಯಾರ ಹಿಡಿದು 15 ಸೆಕೆಂಡಿನ ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ. ಎರಡನೆಯ ಸಲ ಹಾಡುಗಾರರನ್ನು ಬಿಟ್ಟು ಒಂದೇ ಒಂದು ವಾದ್ಯದ ಬೆನ್ನು ಹತ್ತಿ. ಮೂರನೆಯ ಸಲ, ಇದು ನನಗೆ ಏಕೆ ಇಷ್ಟ ಎಂದು ನಾಲ್ಕು ಸಾಲು ಬರೆಯಿರಿ. ಬರೆದದ್ದನ್ನು ಮೊದಲು ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಓದಿ ಹೇಳಿ. ಆಮೇಲೆ ನಿಮ್ಮ ಮೇಷ್ಟರಿಗೆ ತೋರಿಸಿ.