ಶೂಟಿಂಗ್ ಕ್ಲಬ್ಬಿನ ಪುಟದಲ್ಲಿ ಯಾವ ಚಿತ್ರವಿರಬೇಕು?

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ದೊರೆತದ್ದು ಅಭಿನವ್ ಬಿಂದ್ರಾರ 10 ಮೀಟರ್ ಏರ್ ರೈಫಲ್‌ನಿಂದ. 2024ರಲ್ಲಿ ಪ್ಯಾರಿಸ್‌ನಿಂದ ಮನು ಭಾಕರ್ ಎರಡು ಕಂಚು ತಂದರು. ಇಷ್ಟಾದರೂ ಊರಿನ ಶೂಟಿಂಗ್ ಕ್ಲಬ್ಬಿನ ಹೆಸರೆತ್ತಿದರೆ ಹೆತ್ತವರು ಹೌಹಾರುತ್ತಾರೆ. ಈ ಅಂಜಿಕೆಗೆ ಇಂತಹ ಕ್ಲಬ್ಬುಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳ ಕೊಡುಗೆಯೂ ಇದೆ. ಕಪ್ಪು ಕನ್ನಡಕ, ಸಿನಿಮಾ ಭಂಗಿ, ಅಬ್ಬರದ ಸಂಗೀತ! ಬಂದೂಕು ಹಿಡಿದ ಹುಡುಗನ ಚಿತ್ರವು ಅಡಿಬರಹವನ್ನು ಕಳಚಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಸುತ್ತತೊಡಗಿದರೆ ಅವನು ಕ್ರೀಡಾಪಟುವೆಂದು ಸಾರುವವರಾರು? ಈ ಪ್ರಶ್ನೆಯ ಭಾರವನ್ನು ನಮ್ಮ ಮನೆಗಳ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಪುಟವನ್ನೇ ಮುಚ್ಚುವುದು ಪರಿಹಾರವಲ್ಲ. ತೋರಿಸಲು ಯೋಗ್ಯವಾದುದು ಬೇಕಾದಷ್ಟಿದೆ. ಏರ್ ರೈಫಲ್‌ನ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಹತ್ತು ಮೀಟರ್ ದೂರದಲ್ಲಿ ನಿಂತು ಅದನ್ನು ಮುಟ್ಟಬೇಕಾದರೆ ಉಸಿರನ್ನೇ ಹತೋಟಿಗೆ ತರಬೇಕು. ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯ ಗುರಿಹಾಳೆಯನ್ನು ಪ್ರಕಟಿಸಲಿ. ಆಜ್ಞೆಯಾಗದೆ ಗುಂಡು ತುಂಬಬಾರದು, ನಳಿಗೆ ಸದಾ ಗುರಿಯತ್ತಲೇ ಇರಬೇಕೆಂಬ ಶಿಸ್ತನ್ನು ತೋರಿಸಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಿಗೆ ಬೇಕಾಗಿಲ್ಲವೆಂಬುದು ಎಷ್ಟು ಮಂದಿಗೆ ಗೊತ್ತು? ಅದನ್ನೂ ಶುಲ್ಕವನ್ನೂ ಸ್ಪಷ್ಟವಾಗಿ ಬರೆಯಲಿ.

ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಮುಖ ಬೇಡ. ಶಾಲೆಯ ಹೆಸರು, ಅಭ್ಯಾಸದ ವೇಳೆ ಬೇಡವೇ ಬೇಡ. ‘ಬಂದೂಕು ಮಾರಾಟಕ್ಕಿದೆ’ ಎಂಬ ಟಿಪ್ಪಣಿ ಕಂಡೊಡನೆ ಅಳಿಸಬೇಕು. ವ್ಯಕ್ತಿಗಳ ನಡುವಿನ ಇಂತಹ ವ್ಯವಹಾರವನ್ನು ಫೇಸ್‌ಬುಕ್ 2016ರಲ್ಲೇ ನಿಷೇಧಿಸಿದೆ. ಯಾರೋ ಬರೆದ ಒಂದು ಸಾಲಿಗಾಗಿ ಇಡೀ ಪುಟವೇ ಕೈತಪ್ಪೀತು.